ಕಾರಿನ ಹೊಳಪೂ ಹಳ್ಳದ ನೀರೂ

ಕಳೆದ ಆಯುಧಪೂಜೆಯ ಮುನ್ನಾದಿನ ನಮ್ಮೂರ ಹಳ್ಳದ ಸೇತುವೆಯ ಮೇಲೆ ನಿಂತು ಎಣಿಸಿದೆ: ನಾಲ್ಕು ಕಾರು, ಎರಡು ಜೀಪು, ಒಂದು ಪಿಕಪ್, ನಾಲ್ಕು ಬೈಕು. ಮಳೆಗಾಲದ ಕೆಸರನ್ನೆಲ್ಲ ತೊಳೆದು ಮರುದಿನದ ಕುಂಕುಮ, ನಿಂಬೆಹಣ್ಣುಗಳಿಗೆ ವಾಹನಗಳನ್ನು ಸಿದ್ಧಗೊಳಿಸುವ ಸಂಭ್ರಮ. ಅರ್ಧ ಚಕ್ರ ಮುಳುಗುವಷ್ಟು ನೀರಿಗೆ ಇಳಿಸಿ, ಬಟ್ಟೆ ಒಗೆಯುವ ಪುಡಿಯನ್ನು ಬಾನೆಟ್ಟಿನ ಮೇಲೆ ಎರಚಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ನೊರೆಯು ಬಂಡೆಗಳ ಸಂದಿಯಲ್ಲಿ ಸುತ್ತಿ ಸುತ್ತಿ, ಕೆಳಗಿನ ಕೇರಿಯವರು ದನಗಳಿಗೆ ನೀರು ಕುಡಿಸುವ ಗುಂಡಿಯತ್ತ ಸಾಗುತ್ತಿತ್ತು. ಪರಿಚಯದ ಹುಡುಗನೊಬ್ಬ, "ಸಾರ್, ನಿಮ್ಮ ಕಾರನ್ನೂ ತರಬಹುದಿತ್ತಲ್ಲ, ನೀರು ಹೆಂಗೂ ಹರಿದು ಹೋಗ್ತದೆ" ಎಂದ. ಅವನಿಗೆ ಬುದ್ಧಿ ಹೇಳುವ ಹಕ್ಕು ನನಗಿರಲಿಲ್ಲ. ಮೊದಲ ಕಾರು ಕೊಂಡ ಹೊಸತರಲ್ಲಿ ಅದೇ ಬಂಡೆಯ ಪಕ್ಕ ಅದೇ ಪುಡಿಯಿಂದ ನಾನೂ ತೊಳೆದಿದ್ದೇನೆ. ಅದು ಡಾಕ್ಟರೇಟ್ ಪಡೆದು ಬಂದ ಮೇಲೆ ಮಾಡಿದ ಕೆಲಸ ಎಂಬುದನ್ನೂ ಸೇರಿಸಿ ಹೇಳಬೇಕು.

ಪರಿಸರದ ಮಾತನಾಡುವವರು ಕಾರಿನ ಮಾತನ್ನೇ ಎತ್ತಬಾರದೆಂಬ ಅಭಿಪ್ರಾಯ ನಮ್ಮಲ್ಲಿ ಕೆಲವರಿಗಿದೆ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರಿನಲ್ಲಿ, ರಾತ್ರಿ ಹೆರಿಗೆ ನೋವು ಬಂದವರನ್ನು ಪೇಟೆಯ ಆಸ್ಪತ್ರೆಗೆ ಸಾಗಿಸುವುದು ಯಾರದೋ ಮನೆಯ ಕಾರೇ. ಕಾರು ಇರುತ್ತದೆ, ಅದನ್ನು ತೊಳೆಯಲೂ ಬೇಕಾಗುತ್ತದೆ. ಆದುದರಿಂದ ಯಾವುದರಿಂದ, ಯಾವ ಸಲಕರಣೆಯಿಂದ, ಎಲ್ಲಿ ನಿಲ್ಲಿಸಿ ತೊಳೆಯಬೇಕೆಂಬುದನ್ನು ನಾವೇ ಕುಳಿತು ಯೋಚಿಸುವುದು ಒಳಿತು. ಪೇಟೆಯ ಅಂಗಡಿಯವನು ಹೊಳಪಿನ ಲೆಕ್ಕ ಮಾತ್ರ ಹೇಳುತ್ತಾನೆ. ತೊಳೆದ ನೀರಿನ ಲೆಕ್ಕ ಅವನ ಬಳಿ ಇರುವುದಿಲ್ಲ. ನನ್ನ ಅನುಭವದಲ್ಲಿ ಕಾರಿನ ಬಣ್ಣಕ್ಕೆ ಕೆಡುಕಾದುದು ಬಹುತೇಕ ಹಳ್ಳಕ್ಕೂ ಕೆಡುಕೇ. ಈ ಮಾತಿಗೆ ಅಪವಾದವೊಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ೪೦ರಿಂದ ೫೦ ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳು. ನಾವು ಹೊಳಪೆಂದು ಕರೆಯುವುದೆಲ್ಲ ಆ ಪದರದ ನುಣುಪು. ನಮ್ಮ ಜಂಬಿಟ್ಟಿಗೆ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಹರಳುಗಳಿವೆ. ಅವು ಆ ಪದರಕ್ಕಿಂತ ಎಷ್ಟೋ ಗಟ್ಟಿ. ಒಣ ಕೆಸರಿನ ಮೇಲೆ ನಾರನ್ನೋ ಗೋಣಿಯನ್ನೋ ಆಡಿಸಿದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ. ಬಿಸಿಲಿನಲ್ಲಿ ಕಾರನ್ನು ಓರೆಯಾಗಿ ನೋಡಿದಾಗ ಕಾಣುವ ಜೇಡರ ಬಲೆಯಂತಹ ಗೀರುಗಳು ಹೀಗೆ ಮೂಡಿದವು. ಅವನ್ನು ಹೋಗಲಾಡಿಸಲು ಪಾಲಿಶ್ ಮಾಡಿಸುತ್ತೇವೆ, ಪಾಲಿಶ್ ಎಂಬುದು ಅದೇ ಪದರವನ್ನು ಇನ್ನಷ್ಟು ಸವೆಸುವ ಕ್ರಿಯೆ. ಬಟ್ಟೆಯ ಪುಡಿಯದು ಇನ್ನೊಂದು ಬಗೆಯ ಹಾನಿ. ಅದರ ದ್ರಾವಣ ತೀಕ್ಷ್ಣ ಕ್ಷಾರ, ಪಿಎಚ್ ಸುಮಾರು ೧೦. ಅದು ಬಣ್ಣದ ಮೇಲಿನ ಮೇಣವನ್ನು ಕಿತ್ತು ತೆಗೆಯುತ್ತದೆ, ರಬ್ಬರನ್ನು ಮಂಕಾಗಿಸುತ್ತದೆ. ಕಾರಿಗೆಂದೇ ತಯಾರಾದ ಶಾಂಪೂ ಬಹುಮಟ್ಟಿಗೆ ತಟಸ್ಥ, ಒಂದು ಬಕೆಟ್ ನೀರಿಗೆ ಒಂದೆರಡು ಮುಚ್ಚಳ ಸಾಕು. ಬೆಲೆ ಹೆಚ್ಚೆಂದು ತೋರಿದರೂ ಒಂದು ಬಾಟಲಿ ವರ್ಷ ಬರುತ್ತದೆ.

ಇನ್ನು ನೀರಿನ ಮಾತು. ಪುಡಿಯಲ್ಲಿರುವ ಕೊಳೆ ಬಿಡಿಸುವ ಮುಖ್ಯ ರಾಸಾಯನಿಕವು ಲೀಟರಿಗೆ ಕೆಲವೇ ಮಿಲಿಗ್ರಾಂ ಸೇರಿದರೂ ಅನೇಕ ಜಾತಿಯ ಮೀನುಗಳ ಕಿವಿರಿಗೆ ಮಾರಕ. ನೂರು ಗ್ರಾಂ ಪುಡಿಯಲ್ಲಿ ಅದು ೧೦ ಗ್ರಾಂ ಇದೆಯೆಂದೂ, ಲೀಟರಿಗೆ ೫ ಮಿಲಿಗ್ರಾಂ ಅಪಾಯದ ಮಟ್ಟವೆಂದೂ ಇಟ್ಟುಕೊಂಡರೆ, ಎರಡು ಸಾವಿರ ಲೀಟರ್ ನೀರು ಕೆಡುತ್ತದೆ. ಆಶ್ವಯುಜದಲ್ಲಿ ಹಳ್ಳ ತುಂಬಿ ಹರಿಯುವುದರಿಂದ ವಿಷ ಬೇಗ ತೆಳುವಾಗುತ್ತದೆ ಎಂಬುದು ನಿಜ. ನನಗೆ ಹೆಚ್ಚು ಭಯವಿರುವುದು ಶಿವರಾತ್ರಿಯಿಂದಾಚೆಗಿನ ದಿನಗಳ ಬಗ್ಗೆ. ಆಗ ಹರಿವು ನಿಂತು ಅಲ್ಲಲ್ಲಿ ಗುಂಡಿಗಳಷ್ಟೇ ಉಳಿದಿರುತ್ತವೆ, ಹಳ್ಳದ ಜೀವವೆಲ್ಲ ಅಲ್ಲಿ ಒತ್ತೊತ್ತಾಗಿ ತಂಗಿರುತ್ತದೆ, ಮದುವೆ ದಿಬ್ಬಣದ ಕಾರುಗಳೂ ಆಗಲೇ ಹೆಚ್ಚು. ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗಳಿಗೆ ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು ವಿಜ್ಞಾನ ಹೆಸರಿಟ್ಟು ಗುರುತಿಸಿದ್ದು ೨೦೧೪ರಲ್ಲಿ, ನಮ್ಮ ಉತ್ತರ ಕನ್ನಡ, ಶಿವಮೊಗ್ಗ ಸೀಮೆಯ ಇಂತಹ ಹಳ್ಳಗಳಲ್ಲೇ.

ಬಾಟಲಿಯ ಮೇಲೆ "ಜೈವಿಕವಾಗಿ ಕೊಳೆಯುವಂಥದ್ದು" ಎಂದು ಬರೆದಿದ್ದರೆ ನಿಶ್ಚಿಂತರಾಗುವಂತಿಲ್ಲ. ಅದಕ್ಕೆ ಪ್ರಚಲಿತವಿರುವ ಪರೀಕ್ಷೆಯ ಅವಧಿ ೨೮ ದಿನ. ಅಷ್ಟು ದಿನಗಳಲ್ಲಿ ಸೂಕ್ಷ್ಮಾಣುಗಳು ಅದನ್ನು ಬಹುಪಾಲು ತಿಂದು ಮುಗಿಸುತ್ತವೆಂಬುದಷ್ಟೇ ಆ ಮಾತಿನ ಅರ್ಥ. ಮೊದಲ ಗಂಟೆಯಲ್ಲಿ ಗುಂಡಿಯ ಮೀನಿಗೆ ಏನಾಯಿತೆಂದು ಅದು ತಿಳಿಸದು.

ಅಪವಾದವೊಂದಿದೆ ಎಂದೆನಲ್ಲವೇ? ಅದು ನಮ್ಮ ಅಂಟುವಾಳ. ರಾಸಾಯನಿಕ ಬೇಡ, ಅಂಟುವಾಳದ ನೀರಿನಲ್ಲಿ ತೊಳೆದರೆ ಹಳ್ಳಕ್ಕೆ ಬಾಧೆಯಿಲ್ಲವೆಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಬಣ್ಣಕ್ಕೆ ಅದು ಮೃದುವೇ, ನಾನೂ ಬಳಸಿ ನೋಡಿದ್ದೇನೆ. ಆದರೆ ಅದರ ನೊರೆಗೆ ಕಾರಣವಾದ ಸಪೋನಿನ್ ಮೀನಿಗೆ ನೇರ ವಿಷ. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದುದನ್ನು ಹಿರಿಯರು ಬಲ್ಲರು. ಅಲ್ಲಿ ಕೆಲಸ ಮಾಡುತ್ತಿದ್ದುದೂ ಸಪೋನಿನ್ನೇ. ಕಾಡಿನಿಂದ ಬಂದುದೆಲ್ಲ ಹೊಳೆಗೆ ಹಿತವೆಂಬ ನಮ್ಮ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು.

ಹೀಗಿರುವಾಗ ಯಾವ ಶಾಂಪೂ ಎಂಬುದಕ್ಕಿಂತ ಎಲ್ಲಿ ತೊಳೆಯುತ್ತೇವೆ ಎಂಬುದೇ ದೊಡ್ಡದು. ಮಣ್ಣಿನ ಮೇಲ್ಪದರದಲ್ಲಿ ಸಾಬೂನನ್ನು ಅರಗಿಸುವ ಸೂಕ್ಷ್ಮಾಣುಗಳು ಅಪಾರ ಸಂಖ್ಯೆಯಲ್ಲಿವೆ, ಗಾಳಿಯಾಡುವುದರಿಂದ ಅವು ಚುರುಕಾಗಿ ದುಡಿಯುತ್ತವೆ. ನಾನೀಗ ಕಾರನ್ನು ಮನೆಯ ಹಿಂದಿನ ಹುಲ್ಲಿನ ದಿಣ್ಣೆಯ ಮೇಲೆ, ಬಾವಿಯಿಂದ ದೂರದಲ್ಲಿ, ನೀರು ತೋಟದ ಬಸಿಗಾಲುವೆಗೆ ಇಳಿಯದಂತೆ ನಿಲ್ಲಿಸಿ ತೊಳೆಯುತ್ತೇನೆ. ಕಾಂಕ್ರೀಟ್ ಅಂಗಳದಲ್ಲಿ ತೊಳೆದರೆ ಪ್ರಯೋಜನವಿಲ್ಲ. ಅಂಗಳದ ನೀರು ಮೋರಿಗೆ, ಮೋರಿಯದು ಹಳ್ಳಕ್ಕೆ.

ಸಲಕರಣೆಗಳಲ್ಲಿ ಮೊದಲನೆಯದು ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಜಾಲಿಸಿ ಮರಳು ಬಿಡಿಸಿಕೊಂಡೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ ಬರಬೇಕು. ಚಕ್ರಗಳಿಗೆ ಬೇರೆಯೇ ಬಟ್ಟೆ. ಇಷ್ಟರಿಂದಲೇ ಗೀರುಗಳು ಬಹಳಷ್ಟು ತಪ್ಪುತ್ತವೆ. ಒರೆಸಲು ಮೈಕ್ರೋಫೈಬರ್ ಬಟ್ಟೆಯಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಅದು ಪಾಲಿಯೆಸ್ಟರು, ಎಂದರೆ ಪ್ಲಾಸ್ಟಿಕ್ಕೇ, ಒಗೆದಾಗ ಎಳೆ ಉದುರಿಸುತ್ತದೆ. ಮೂರು ನಾಲ್ಕಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ, ಒಗೆದ ನೀರನ್ನು ಮಣ್ಣಿಗೇ ಸುರಿಯುತ್ತೇನೆ. ಕೆಳಭಾಗಕ್ಕೆ ಹಳೆಯ ಪಂಚೆಯ ತುಂಡು ಧಾರಾಳ.

ಮೊದಲ ಕೆಸರನ್ನು ಇಳಿಸಲು ನೂರಾರು ಲೀಟರ್ ಸುರಿಯುವ ಪೈಪು ಬೇಡ. ತೋಟದ ಬೆನ್ನುಪಂಪು ಸಾಕು. ೧೬ ಲೀಟರಿನ ಎರಡು ಪಂಪು ನೀರಿನಿಂದ ಕೆಸರು ನೆನೆದು ತಾನೇ ಜಾರುತ್ತದೆ. ಬೋರ್ಡೋ ಹೊಡೆದ ಪಂಪಾದರೆ ಚೆನ್ನಾಗಿ ತೊಳೆದಿರಬೇಕು, ಕಳೆನಾಶಕಕ್ಕೆ ಬಳಸಿದ ಪಂಪನ್ನಂತೂ ಮುಟ್ಟಬೇಡಿ. ಬೋರ್ಡೋ ಮಾತು ಬಂದುದರಿಂದ ಇನ್ನೊಂದು: ತೋಟದ ಅಂಚಿನಲ್ಲಿ ನಿಲ್ಲಿಸಿದ ಕಾರಿನ ಮೇಲೆ ಬಿದ್ದ ಅದರ ನೀಲಿ-ಬಿಳಿ ಚುಕ್ಕೆಗಳನ್ನು ಉಗುರಿನಿಂದ ಕೆರೆಯದೆ, ನೀರು ಬೆರೆಸಿದ ವಿನೆಗರಿನ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು ತೊಳೆದರೆ ಸುಣ್ಣ ಕರಗಿ ಬಿಟ್ಟುಕೊಳ್ಳುತ್ತದೆ. ಮೈಲುತುತ್ತದ ತಾಮ್ರವೂ ಜಲಚರಗಳಿಗೆ ವಿಷವೇ. ವರ್ಷಕ್ಕೆ ಎರಡು ಮೂರು ಸಲ ಕೊಳೆರೋಗಕ್ಕೆಂದು ತೋಟವೆಲ್ಲ ಸಿಂಪಡಿಸುವ ನಾವು ಕಾರಿನ ನೊರೆಯೊಂದನ್ನೇ ಹಿಡಿದು ಬೈಯುವುದು ಪೂರ್ಣ ಪ್ರಾಮಾಣಿಕವಲ್ಲ. ಕೊಳೆರೋಗಕ್ಕೆ ಸುಲಭದ ಬದಲಿ ಇಲ್ಲ. ಹಳ್ಳದಲ್ಲಿ ಕಾರು ತೊಳೆಯುವುದಕ್ಕೆ ಇದೆ, ವ್ಯತ್ಯಾಸ ಅಷ್ಟೆ.

ಮನೆಗೆ ತರಲೇಬಾರದ ವಸ್ತುಗಳು ಎರಡು. ಚಕ್ರ ಬೆಳ್ಳಗಾಗಿಸುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅದರ ಸಂಬಂಧಿ ಲವಣವೋ ಇರುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಸುಣ್ಣಾಂಶವನ್ನು ಹಿಡಿಯುತ್ತದೆ, ನೋವು ತಡವಾಗಿ ಕಾಣಿಸಿಕೊಳ್ಳಬಹುದು. ಪದಾರ್ಥಗಳ ಹೆಸರಿಲ್ಲದ ಕ್ಯಾನಿನಲ್ಲಿ ಆಮ್ಲದ ದ್ರಾವಣ ಕೊಟ್ಟರೆ ಕೊಳ್ಳಬೇಡಿ. ಚಕ್ರಕ್ಕೆ ಶಾಂಪೂ ನೀರು, ಹಳೆಯ ಬ್ರಷ್ ಸಾಕು. ಎರಡನೆಯದು, ತುಕ್ಕು ಹಿಡಿಯದಿರಲೆಂದು ಚಾಸಿಗೆ ಡೀಸೆಲ್ ಹೊಡೆಯುವ ಪದ್ಧತಿ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ, ಮೊದಲ ಮಳೆಗೆ ಇಳಿದು ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಹರಡುತ್ತದೆ.

ಮೇಣ ಮಾತ್ರ ಹಚ್ಚಲೇಬೇಕೆಂಬುದು ನನ್ನ ಅಭಿಪ್ರಾಯ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೆಳುವಾಗಿ ಹಚ್ಚಿದರೆ ಕೆಸರು ಅಂಟುವುದು ಕಡಿಮೆ, ಆದ್ದರಿಂದ ಸಾಬೂನೂ ಕಡಿಮೆ. ಒಳ್ಳೆಯ ಮೇಣಗಳಲ್ಲಿರುವ ಕಾರ್ನೌಬಾ ಬ್ರೆಜಿಲಿನ ಈಶಾನ್ಯ ಭಾಗದ ತಾಳೆಜಾತಿಯ ಮರವೊಂದರ ಎಲೆಯಿಂದ ಬರುತ್ತದೆ, ಅಡಿಕೆಯ ದೂರದ ನೆಂಟ ಎನ್ನಬಹುದು. ಒಳಗಿನ ಸೀಟಿನ ಬೂಸ್ಟಿಗೆ ಸುಗಂಧದ ಡಬ್ಬಿಗಳು ಏನೂ ಮಾಡವು. ಹೊಳವು ಕಂಡ ದಿನ ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಬೇಕು.

ಬೆಂಗಳೂರಿನಲ್ಲಿ ೨೦೨೪ರ ಮಾರ್ಚಿನ ಬರಗಾಲದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿಯು ೫,೦೦೦ ರೂಪಾಯಿ ದಂಡ ಘೋಷಿಸಿತು. ನಮ್ಮ ಹಳ್ಳಗಳಿಗೆ ಹೊಸ ಕಾನೂನು ಬೇಕಿಲ್ಲ. ೧೯೭೪ರ ಜಲಮಾಲಿನ್ಯ ಕಾಯಿದೆಯ ೨೪ನೆಯ ಕಲಮು ತೊರೆಗೂ ಬಾವಿಗೂ ಮಲಿನ ವಸ್ತು ಬಿಡುವುದನ್ನು ಈಗಾಗಲೇ ನಿಷೇಧಿಸಿದೆ. ಆದರೆ ಹಬ್ಬದ ಮುನ್ನಾದಿನ ನೆರೆಮನೆಯ ಹುಡುಗರ ಮುಂದೆ ಕಲಮು ಓದಲು ನನಗೆ ಮನಸ್ಸಿಲ್ಲ. ಶಾಲೆಯ ಹಿಂದಿನ ಬಯಲು ಹಳ್ಳದಿಂದ ದೂರವಿದೆ, ಹುಲ್ಲೂ ಇದೆ. ಬರುವ ಆಯುಧಪೂಜೆಯ ಮುನ್ನಾದಿನ ಅಲ್ಲಿ ನೀರಿನ ಡ್ರಮ್ಮುಗಳನ್ನಿಡಲು ಗ್ರಾಮ ಪಂಚಾಯಿತಿಯನ್ನು ಕೇಳಿದ್ದೇವೆ. ಎರಡು ಬೆನ್ನುಪಂಪು, ಒಂದು ಬಾಟಲಿ ಶಾಂಪೂ ನನ್ನ ಲೆಕ್ಕದಲ್ಲಿರಲಿ. ಬಕೆಟ್ಟುಗಳನ್ನು ಅವರವರೇ ತರಬೇಕು.