ಗುಳಿಗೆಗೆ ಮುನ್ನ ಬಿಪಿ ನೋಡಿಸಿ

ಗರ್ಭನಿರೋಧಕ ಗುಳಿಗೆ ನುಂಗಿದರೆ ಲಕ್ವ ಹೊಡೆಯುತ್ತದೆಯೇ? ಈ ಭಯ ಪೂರ್ತಿ ಸುಳ್ಳಲ್ಲ. ಮಾಲಾ-ಎನ್‌ನಂತಹ ಗುಳಿಗೆಯಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ತುಸು ಹೆಚ್ಚಿಸುತ್ತದೆ. ಹೆಪ್ಪು ಮೆದುಳಿನ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ಆದರೆ 1960ರ ದಶಕದ ಗುಳಿಗೆಗಳಲ್ಲಿ ಈ ಹಾರ್ಮೋನು ಹಲವು ಪಟ್ಟು ಹೆಚ್ಚಿತ್ತು, ಮಾಲಾ-ಎನ್‌ನಲ್ಲಿರುವುದು 0.03 ಮಿಲಿಗ್ರಾಂ. ಆರೋಗ್ಯವಂತ ಯುವತಿಗೆ ಅಪಾಯ ತೀರ ಕಡಿಮೆ. ಬಸಿರು, ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದಕ್ಕಿಂತ ಹೆಚ್ಚು. (ಅತ್ತೆಯಂದಿರೂ ಇದನ್ನು ಓದಲಿ!)

ಎಚ್ಚರ ಬೇಕಾದದ್ದು ರಕ್ತದೊತ್ತಡ 140/90 ದಾಟಿದವರಿಗೆ, 35 ಕಳೆದೂ ಬೀಡಿ, ಸಿಗರೇಟು ಸೇದುವವರಿಗೆ, ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಅರೆತಲೆನೋವು ಬರುವವರಿಗೆ. ಇಂಥವರಿಗೆ ಈ ಗುಳಿಗೆ ಬೇಡ. ಕಾಪರ್-ಟಿ ಇದೆ, ಹಾರ್ಮೋನಿಲ್ಲದ ‘ಛಾಯಾ’ ಗುಳಿಗೆಯಿದೆ.

ನನ್ನ ತಕರಾರು ಗುಳಿಗೆಯ ಮೇಲಲ್ಲ, ಬಿಪಿ ನೋಡದೆ ಅದನ್ನು ಕೈಗಿಡುವ ರೂಢಿಯ ಮೇಲೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಗುಳಿಗೆ ತರುವುದು ದೊಡ್ಡ ಅನುಕೂಲ. ಆದರೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಮದ್ದು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮುನ್ನ ತಲೆಯ ಸ್ಕ್ಯಾನ್ ಆಗಬೇಕು. ಅಲ್ಲಿಂದ ದೊಡ್ಡಾಸ್ಪತ್ರೆಯ ಹಾದಿಯೇ ಹೊತ್ತು ತಿನ್ನುತ್ತದೆ.

ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಲು ಕೆಲವೇ ನಿಮಿಷ ಸಾಕು. ಯಾರೂ ನೋಡದಿದ್ದರೆ, ‘ಮೊದಲು ಬಿಪಿ ನೋಡಿ ಅಕ್ಕಾ’ ಎಂದು ನೀವೇ ಕೇಳಿ.