ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ವಾ? ರಿಪೇರಿಗೆ ಅವಸರ ಬೇಡ

ಕರೆಂಟ್ ಹೋದ ಮರುದಿನ ನನ್ನ ಉಬುಂಟು ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಅನ್ನೋ ಪದ. ಮಗಳ ಮೊದಲ ವರ್ಷದ ಫೋಟೊಗಳೆಲ್ಲ ಅದರೊಳಗೇ! ರಿಪೇರಿ ಕಮಾಂಡ್ ಕೊಡೋಕೆ ಹೊರಟವನು ಕೈ ತಡೆದೆ.

ಪೆನ್‌ಡ್ರೈವ್‌ನಲ್ಲಿದ್ದ ಉಬುಂಟುವಿನಿಂದ ಬೂಟ್ ಮಾಡಿ, ಮೊದಲು ಡಿಸ್ಕಿನ ‘ಸ್ಮಾರ್ಟ್’ ವರದಿ ನೋಡಿದೆ. ಕೆಟ್ಟ ಸೆಕ್ಟರ್‌ಗಳು ಹೆಚ್ಚುತ್ತಿದ್ದರೆ ಡಿಸ್ಕೇ ಸಾಯ್ತಿರಬಹುದು; ಆಗ ರಿಪೇರಿಗೆ ಕೈ ಹಾಕಿದರೆ ಇದ್ದದ್ದೂ ಹೋದೀತು. ಪುಣ್ಯಕ್ಕೆ ವರದಿ ಚೆನ್ನಾಗಿತ್ತು. ಫೋಟೊಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಂಡೆ. ಆಮೇಲೆ ಅನ್‌ಮೌಂಟ್ ಮಾಡಿ ‘ಎಫ್‌ಎಸ್‌ಸಿಕೆ -ಎನ್’ ಓಡಿಸಿದೆ. ಅದು ತಪ್ಪು ತೋರಿಸುತ್ತೆ, ಏನನ್ನೂ ಬದಲಿಸಲ್ಲ. ರಿಪೇರಿ ಕೊನೆಗೆ.

ವಿಂಡೋಸ್‌ನಲ್ಲೂ ಅಷ್ಟೇ: ಬರೀ ‘ಚೆಕ್‌ಡಿಸ್ಕ್’ ಅಂದ್ರೆ ತಪಾಸಣೆ, ಜೊತೆಗೆ ‘/ಎಫ್’ ಸೇರಿಸಿದರೆ ಚಿಕಿತ್ಸೆ.

ಕಂಪ್ಯೂಟರ್ ಮತ್ತೆ ಕೊಳ್ಳಬಹುದು, ಆ ಫೋಟೊಗಳನ್ನಲ್ಲ. ಇವತ್ತೇ ಒಂದು ಬ್ಯಾಕಪ್ ತಗೊಳ್ಳಿ.