ಗುಂಡು ತೆಗೆಯುವ ಡಾಕ್ಟರಿಗೆ ಮಾತಾಡುವ ಹಕ್ಕಿಲ್ಲವೇ?

2018ರ ನವೆಂಬರಿನಲ್ಲಿ ಅಮೆರಿಕದ ಬಂದೂಕು ಪರ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅಲ್ಲಿನ ಡಾಕ್ಟರುಗಳಿಗೆ ಬುದ್ಧಿ ಹೇಳಿತು: ಬಂದೂಕಿನ ವಿಚಾರ ನಿಮಗೇಕೆ, ನಿಮ್ಮ ಕೆಲಸ ನೋಡಿಕೊಳ್ಳಿ. ಡಾಕ್ಟರುಗಳು ರಕ್ತ ಮೆತ್ತಿದ ಬಟ್ಟೆಯ, ಆಪರೇಷನ್ ಕೋಣೆಯ ಫೋಟೊ ಹಾಕಿ, ‘ಇದೇ ನಮ್ಮ ಕೆಲಸ’ ಎಂದರು.

ಸರಿಯಾಗಿಯೇ ಹೇಳಿದರು. 2021ರಲ್ಲಿ ಆ ದೇಶದಲ್ಲಿ ಬಂದೂಕಿಗೆ ಬಲಿಯಾದವರು 48 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು.

‘ಸಾಯಬೇಕು ಅಂದವನು ಹೇಗಾದರೂ ಸಾಯ್ತಾನೆ, ಕಾನೂನು ಏನು ಮಾಡುತ್ತೆ?’ ಎನ್ನುತ್ತಾರೆ. ಈ ಮಾತು ಸುಳ್ಳು. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕು ಎಂದು ಇಸ್ರೇಲ್ ಸೇನೆ 2006ರಲ್ಲಿ ನಿಯಮ ಮಾಡಿತು. ಸೈನಿಕರ ಆತ್ಮಹತ್ಯೆ ಸುಮಾರು ಶೇ. 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದಲ್ಲೇ. ಆ ಕೆಟ್ಟ ಗಳಿಗೆಯಲ್ಲಿ ಕೈಗೆ ಬಂದೂಕು ಸಿಗಲಿಲ್ಲ, ಜೀವ ಉಳಿಯಿತು.

ಆಸ್ಟ್ರೇಲಿಯಾ ನೋಡಿ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಕಾನೂನು ಬಿಗಿ ಮಾಡಿ, ಹಣ ಕೊಟ್ಟು 6 ಲಕ್ಷಕ್ಕೂ ಹೆಚ್ಚು ಬಂದೂಕು ವಾಪಸ್ ಪಡೆಯಿತು. ಬಂದೂಕಿನ ಸಾವು ಅದಕ್ಕೂ ಮೊದಲೇ ಇಳಿಯುತ್ತಿತ್ತು ಎಂಬ ವಾದ ನಿಜ. ಆದರೆ ಅದಕ್ಕೆ ಹಿಂದಿನ 18 ವರ್ಷಗಳಲ್ಲಿ ಇಂಥ ಸಾಮೂಹಿಕ ಹತ್ಯೆ 13 ನಡೆದಿದ್ದವು; ಮುಂದಿನ ಹತ್ತು ವರ್ಷ ಒಂದೂ ನಡೆಯಲಿಲ್ಲ.

ಅದೇ 1996ರಲ್ಲಿ ಅಮೆರಿಕದ ಸಂಸತ್ತು ಮಾಡಿದ್ದೇನು? ರೋಗ ನಿಯಂತ್ರಣ ಕೇಂದ್ರದ ದುಡ್ಡನ್ನು ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಬಳಸಬಾರದು ಎಂದು ಷರತ್ತು ಹಾಕಿತು. ಆ ಹೆದರಿಕೆಗೆ ಸಂಶೋಧನೆಯೇ ಎರಡು ದಶಕ ಸೊರಗಿತು. ಕಣ್ಣಿಗೆ ಬಟ್ಟೆ ಕಟ್ಟಿ, ‘ಪುರಾವೆ ತೋರಿಸಿ’ ಅಂದರೆ ಹೇಗೆ? ಷರತ್ತು ತಂದ ಜೇ ಡಿಕಿ ಅವರೇ 2012ರಲ್ಲಿ, ಸಂಶೋಧನೆ ನಡೆಯಲಿ ಎಂದು ಬರೆದರು.

ಇದು ದೂರದ ದೇಶದ ಕಥೆ ಎಂದು ಪಕ್ಕಕ್ಕಿಡಬೇಡಿ. ನಮ್ಮ ಹಳ್ಳಿಗಳಲ್ಲಿ ಬಂದೂಕಿನ ಜಾಗದಲ್ಲಿ ಬೆಳೆಗೆ ಹೊಡೆಯುವ ಔಷಧಿಯಿದೆ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು, ಆತ್ಮಹತ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ವಿಷ ಕುಡಿದವರನ್ನು ರಾತ್ರಿಯಿಡೀ ಉಳಿಸಲು ಹೆಣಗುವ ಡಾಕ್ಟರಿಗಿಂತ ಚೆನ್ನಾಗಿ ಇದನ್ನು ಹೇಳುವವರು ಯಾರು? ‘ಮನೆಯಲ್ಲಿ ಔಷಧಿ ಎಲ್ಲಿಡ್ತೀರಿ?’ ಎಂದು ಅವರು ಕೇಳಿದರೆ, ‘ನಿಮಗ್ಯಾಕೆ’ ಅನ್ನಬೇಡಿ. ಬೀಗ ಹಾಕಿಡಿ.